ಚಿಲಕ ಮುಟ್ಟದ ಮನೆತನ

ಗೊಲ್ಲಾಳಪ್ಪ ಗೌಂಡಿ. ಗೋಡೆ ಎಬ್ಬಿಸುತ್ತಾನೆ, ನೆಲಕ್ಕೆ ಫರಸಿಕಲ್ಲು ಕೂಡಿಸುತ್ತಾನೆ. ಹೈದರಾಬಾದಿನ ಅರ್ಧ ಊರು ತನ್ನ ಗಂಡನ ಕೈಯಲ್ಲೇ ಎದ್ದದ್ದೆಂದು ಹೆಂಡತಿ ಸುಗಲಮ್ಮ ಚೇಷ್ಟೆ ಮಾಡುತ್ತಾಳೆ. ಆದರೆ ನಾಚಾರಂನ ತನ್ನ ಎರಡು ಕೋಣೆಯ ಮನೆಯ ಬಾಗಿಲಿಗೆ ಅವನು ಒಂದು ದಿನವೂ ಚಿಲಕ ಹಾಕಿದವನಲ್ಲ. ಸುಗಲಮ್ಮನೋ ಮಗಳು ಭಾಗ್ಯಶ್ರೀಯೋ ಎದ್ದು ಹಾಕಬೇಕು. ಅದು ಮೈಗಳ್ಳತನವಲ್ಲ, ಮನೆತನದ ನೇಮ.

ಶಹಾಪುರದ ಕಡೆಯ ಅವನ ಹಳ್ಳಿಯಲ್ಲಿ ಇವರಿಗೆ ಅಗಸಿಮನಿಯವರು ಎಂದೇ ಹೆಸರು. ಊರಗೋಡೆಯ ಹೆಬ್ಬಾಗಿಲಾದ ಅಗಸಿಯನ್ನು ಕಾಯುವ ಕೆಲಸ ಹಿಂದೆ ಇವರದಾಗಿತ್ತು. ಊರವರು ಬಂಡೆದ್ದರೆಂದು ಇಂಗ್ಲಿಷರ ಪಲ್ಟನ್ನು ಊರನ್ನು ಮುತ್ತಿದಾಗ ಒಳಗಿನ ಬಾವಿ ಬತ್ತಿತು. ಗಂಡಸರು ಗೋಡೆಯ ಮೇಲೆ ಬಂದೂಕು ಹಿಡಿದು ನಿಂತಿದ್ದರೆ, ಕೆಳಗೆ ಕೂಸುಗಳು ನೀರಿಲ್ಲದೆ ಸಾಯತೊಡಗಿದವು. ಬಾಗಿಲು ಕಾಯುತ್ತಿದ್ದ ಹುಸೇನಪ್ಪ ಎಂಬ ಇವರ ಮನೆತನದ ಹಿರಿಯ ತಡೆಯಲಾರದೆ, ಹೆಂಗಸರು ಹಳ್ಳಕ್ಕೆ ಹೋಗಲೆಂದು ಅಗಳಿ ಸರಿಸಿದ. ಕೂಸುಗಳನ್ನು ಎತ್ತಿಕೊಂಡು ಹೆಂಗಸರು ಹೊರಗೆ ಹೋದರು, ಪಲ್ಟನ್ನು ಒಳಗೆ ಬಂತು. ಗಂಡಸರು ಬಹಳ ಮಂದಿ ಸತ್ತರು. ಕೂಸುಗಳು ಬದುಕಿದವು, ಅವುಗಳಲ್ಲಿ ಹುಸೇನಪ್ಪನದೂ ಒಂದು. ಮಾಡಿದ್ದು ಪಾಪವೋ ಪುಣ್ಯವೋ ಅವನಿಗೇ ತಿಳಿಯಲಿಲ್ಲ. ಈ ಕೈ ಇನ್ನು ಯಾವ ಬಾಗಿಲಿನ ಅಗಳಿ, ಚಿಲಕ ಮುಟ್ಟಬಾರದು ಎಂದುಕೊಂಡ. ಅವನ ವಂಶದ ಗಂಡಸರೂ ಮುಟ್ಟಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾರ್ನಾಕದಲ್ಲಿ ಕಾದಂಬರಿ ಬರೆಯುವ ಸುಶಾಂತನ ಮನೆಗೆ ಫರಸಿ ಹಾಕುವಾಗ ಗೊಲ್ಲಾಳಪ್ಪ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ. ಸುಶಾಂತ ಕಣ್ಣೊರೆಸಿಕೊಂಡು ಕೇಳಿದ್ದನಂತೆ. ತನ್ನ ಹಿರಿಯನಿಗಾಗಿ ಓದಿದವರೊಬ್ಬರು ಅತ್ತರಲ್ಲ ಎಂದು ಇವನಿಗೆ ಹಿಗ್ಗೋ ಹಿಗ್ಗು.

ಸುಶಾಂತ ಕೆಟ್ಟವನೇನಲ್ಲ. ಬಿಳಿಯರು ಬರೆದ ಪುಸ್ತಕಗಳಲ್ಲಿ ನಮ್ಮ ಬಂಡುಗಾರರೆಲ್ಲ ದರೋಡೆಕೋರರು. ಅವರನ್ನು ಕಲಿಗಳನ್ನಾಗಿ ತೋರಿಸಬೇಕೆಂಬ ಹಟ ಅವನದು. ಒಳ್ಳೆಯ ಹಟವೇ. ಆದರೆ ಕಲಿಗಳು ಸೋತರೆ ಯಾವನಾದರೂ ಮನೆಮುರುಕ ಬೇಕಲ್ಲ? ಅವನ ಕಾದಂಬರಿಯಲ್ಲಿ ಬಾಗಿಲು ಕಾಯುವವನು ಬೆಳ್ಳಿಯ ಆಸೆಗೆ ಅಗಳಿ ತೆಗೆದ. ನೀರಿನ ಸುದ್ದಿಯೇ ಇರಲಿಲ್ಲ. ಅಗಸಿಮನಿ ಎಂಬ ಹೆಸರು ಕಿವಿಗೆ ಹಿತವೆಂದು ಹಾಗೇ ಉಳಿಸಿಕೊಂಡ, ಚಿಲಕ ಮುಟ್ಟದ ನೇಮವನ್ನೂ ಬಿಡಲಿಲ್ಲ. ಪುಸ್ತಕ ನಾಟಕವಾಯಿತು. ಅದನ್ನು ನೋಡಿದವರಲ್ಲಿ ಮೆಹದಿಪಟ್ಟಣಂನ ಶಂಕ್ರಮ್ಮನೂ ಒಬ್ಬಳು. ಅವಳ ಮಗ ಸಾಯಿಕುಮಾರನಿಗೂ ಭಾಗ್ಯಶ್ರೀಗೂ ಮದುವೆ ಗೊತ್ತಾಗಿತ್ತು. ಊರಿಗೆ ದ್ರೋಹ ಬಗೆದ ಮನೆತನದ ಹೆಣ್ಣು ತಮಗೆ ಬೇಡವೆಂದು ಶಂಕ್ರಮ್ಮ ಹೇಳಿ ಕಳಿಸಿದಳು.

ಭಾಗ್ಯಶ್ರೀ ಊಟ ಬಿಟ್ಟಳು. ಗೊಲ್ಲಾಳಪ್ಪ ಕೆಲಸ ಬಿಟ್ಟು ತಾರ್ನಾಕಕ್ಕೆ ಓಡಿದ. ಕಾದಂಬರಿ ಎಂದರೆ ಕಲ್ಪನೆ, ಓದುವವರಿಗೆ ಅದು ಗೊತ್ತಿರುತ್ತದೆ ಎಂದು ಸುಶಾಂತ ಸಮಾಧಾನ ಹೇಳಿದ.

"ಅವರು ಓದಿಲ್ರಿ ಸರ್, ನೋಡ್ಯಾರ," ಎಂದ ಗೊಲ್ಲಾಳಪ್ಪ.

ಸುಶಾಂತನಿಗೆ ಮುಖ ಎತ್ತಲಾಗಲಿಲ್ಲ. ಜೊತೆಗೆ ಬಂದು ಹೇಳುತ್ತೇನೆಂದು ಹೊರಟ. ಗೊಲ್ಲಾಳಪ್ಪನಿಗೆ ಹೋದ ಜೀವ ಬಂದಂತಾಯಿತು.

ಶಂಕ್ರಮ್ಮನ ಮನೆಯಲ್ಲಿ ಸುಶಾಂತ ಕೈಮುಗಿದು, ಅದೆಲ್ಲ ತಾನೇ ಕಟ್ಟಿದ್ದು, ಅಂಥ ಬಾಗಿಲೂ ಇರಲಿಲ್ಲ, ತೆಗೆದವನೂ ಇರಲಿಲ್ಲ ಎಂದ. ಹೌದೋ ಎಂದು ಶಂಕ್ರಮ್ಮ ಕೇಳಿದಾಗ ಗೊಲ್ಲಾಳಪ್ಪ ಹೌದೆಂದು ತಲೆಯಾಡಿಸಿದ. ಬೆಳ್ಳಿಯನ್ನಷ್ಟೇ ಸುಳ್ಳೆನ್ನಲು ಬಂದಿದ್ದವನು, ಹುಸೇನಪ್ಪನನ್ನೇ ಇಲ್ಲವೆಂದುಬಿಟ್ಟಿದ್ದ.

ಶಂಕ್ರಮ್ಮ ಅಷ್ಟಕ್ಕೆ ಬಿಡುವವಳಲ್ಲ.

"ಕಥಿ ಅಂದ್ರ ಕಥೀನ ಆಗ್ಲಿ. ನೀವ ಎದ್ದು ನಮ್ಮ ಬಾಗಲಕ್ಕ ಚಿಲಕ ಹಾಕ್ರಿ, ನೋಡೂಣು."

ಗೊಲ್ಲಾಳಪ್ಪ ಎದ್ದ. ತಂದೆ, ಅಜ್ಜ, ಯಾರೂ ಮುಟ್ಟದ್ದು. ಊಟ ಬಿಟ್ಟು ಕೂತ ಮಗಳ ಮುಖ ಕಣ್ಣ ಮುಂದೆ ಬಂತು. ಹಾಕಿದ. ಶಂಕ್ರಮ್ಮ ನಕ್ಕು ಚಹಾ ಇಟ್ಟಳು, ಅಲ್ಲಿಯ ತನಕ ಇರಲಿ ಎಂದು ನೀರು ಕೊಟ್ಟಳು. ಆ ನೀರನ್ನು ಅವನು ಕುಡಿಯದೆ ಪಕ್ಕಕ್ಕಿಟ್ಟ.

ಮುಸ್ಸಂಜೆಗೆ ಮನೆಗೆ ಬಂದು, ಮದುವೆ ನಿಂತಿತು ಅನ್ನೋ ಚಿಂತೆ ಬಿಡಿರಿ ಎಂದು ನಡೆದದ್ದನ್ನೆಲ್ಲ ಹೇಳಿದ. ಸುಗಲಮ್ಮ ದೇವರಿಗೆ ದೀಪ ಹಚ್ಚಿದಳು. ಭಾಗ್ಯಶ್ರೀ ಬಾಗಿಲ ಬಳಿ ಹೋದವಳು ಚಿಲಕಕ್ಕೆ ಕೈ ಇಡದೆ ನಿಂತಳು.

"ಅಪ್ಪಾ, ಅವತ್ತು ಬದುಕಿದ ಕೂಸುಗಳಾಗ ಹುಸೇನಪ್ಪಜ್ಜನ ಕೂಸೂ ಇತ್ತಲ್ಲ? ಅದು ಉಳದಿದ್ದಕ್ಕ ನೀ ಅದೀ, ನಾ ಅದೀನಿ. ಆ ಬಾಗಲಾನ ಇರಲಿಲ್ಲ ಅಂದ್ಯಾ?"

ಮಗಳು ಒಳಗೆ ಹೋದಳು. ಸುಗಲಮ್ಮನೂ ಏಳಲಿಲ್ಲ. ಅಂದು ಆ ಮನೆಯ ಬಾಗಿಲಿಗೆ ಯಾರೂ ಚಿಲಕ ಹಾಕಲಿಲ್ಲ.