ನನ್ನ ದನಿಯಲ್ಲಿ ಕೇಳಿದರೂ ಹೇಳಬೇಡ

ಅಪ್ಪ ನನ್ನನ್ನು ಬಹುವಚನದಲ್ಲಿ ಮಾತನಾಡಿಸಿದ್ದು ಆ ಒಂದು ಮಧ್ಯಾಹ್ನ ಮಾತ್ರ.

“ಯಾರ್ರೀ ನೀವು? ಏನಾಗಬೇಕಾಗಿತ್ತು?”

“ಯಪ್ಪಾ, ನಾನು.”

“ನಾನು ಅಂದ್ರ ಯಾರ್ರೀ?”

ನಾನು ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೂತಿದ್ದೆ. ಅಪ್ಪ ಹಿರೇಹಡಗಲಿಯ ಆಚೆ ಯಾರದೋ ಕೊಯ್ಲಾದ ಹೊಲದಲ್ಲಿ ಇದ್ದ. ಬೇಸಿಗೆಯಲ್ಲಿ ಹೊಲದವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಅಪ್ಪನ ಮಂದೆ ಒಂದು ಹೊಲದಿಂದ ಇನ್ನೊಂದಕ್ಕೆ ಸರಿಯುತ್ತಾ ಹೊಳೆಯ ಕಡೆ ಹೋಗುತ್ತದೆ. ಅವ್ವ ಊರಲ್ಲಿರುತ್ತಾಳೆ. ನಾನು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ರಜೆ ಬಂದರೆ ಅವ್ವನ ಜೊತೆ.

ಆ ದಿನದ ಬಿಸಿಲಿನ ಬಗ್ಗೆ ಬರೆಯಲು ಕೈ ತಾನಾಗಿಯೇ ಹೋಗುತ್ತದೆ. ಬೇಸಿಗೆ ಎಂದಮೇಲೆ ಬಿಸಿಲು ಇದ್ದೇ ಇರುತ್ತದೆ. ಆದರೆ ನನಗೆ ನಿಜಕ್ಕೂ ನೆನಪಿರುವುದು ಕೀಬೋರ್ಡಿನ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಬೆರಳಿಗೆ ಅಂಟುತ್ತಿದ್ದದ್ದು. ಹಾಗಾಗಿ ಬಿಸಿಲು ಬೇಡ, ಪ್ಲಾಸ್ಟಿಕ್ ಹಾಳೆ ಇರಲಿ.

ವಿಷಯ ಇಷ್ಟು. ಎಂ.ಎ. ಎರಡನೆಯ ವರ್ಷಕ್ಕೆ ನಮ್ಮ ವಿಭಾಗಕ್ಕೆ ಒಂದೇ ಒಂದು ಮೆರಿಟ್ ಸ್ಕಾಲರ್‌ಶಿಪ್. ಅಂಕಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಅರ್ಜಿ ಹಾಕಿ, ಎಲ್ಲಾ ಮುಗಿಯಿತು ಎಂದುಕೊಂಡು ಊರಿಗೆ ಬಂದಿದ್ದೆ. ಅದು ಸಿಕ್ಕರೆ ಹಾಸ್ಟೆಲು, ಓದು, ಇನ್ನೊಂದು ವರ್ಷ. ಸಿಗದಿದ್ದರೆ ಹಗರಿಬೊಮ್ಮನಹಳ್ಳಿಯ ಖಾಸಗಿ ಶಾಲೆಯೊಂದು ಕರೆದಿತ್ತು, ಜೂನ್‌ನಲ್ಲಿ ಟೀಚರ್ ಆಗಿ ಸೇರುವುದು. ಬರುತ್ತೀಯೋ ಇಲ್ಲವೋ ಎಂದು ಅವರು ಎರಡು ಸಲ ಕೇಳಿ ಆಗಿತ್ತು. ನಾನು ಎರಡು ಸಲವೂ ಹೇಳ್ತೀನಿ ಸರ್ ಎಂದಿದ್ದೆ.

ಸಂತೆಗೆಂದು ಕೊಟ್ಟೂರಿಗೆ ಬಂದವಳು, ಅರ್ಜಿ ಎಲ್ಲಿಗೆ ಬಂತು ನೋಡೋಣ ಎಂದು ಸೆಂಟರಿಗೆ ಹೊಕ್ಕೆ. ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ‘ಆಧಾರ್ ದೃಢೀಕರಣ ಬಾಕಿ’ ಎಂದಿತ್ತು. ನನ್ನ ಫೋನು ಒಡೆದು, ಸಿಮ್ಮಿನ ಸಮೇತ ಹೊಸಪೇಟೆಗೆ ರಿಪೇರಿಗೆ ಹೋಗಿತ್ತು. ಸೆಂಟರ್ ನಡೆಸುವ ಅಕ್ಕನ ಫೋನಿನಿಂದಲೇ ವಿಭಾಗದ ಕಚೇರಿಗೆ ಕರೆ ಮಾಡಿದೆ.

“ಇವತ್ತು ಐದರೊಳಗ ಆಗಬೇಕಮ್ಮ,” ಎಂದರು ಅಲ್ಲಿಯ ಗುಮಾಸ್ತರು. “ಐದಕ್ಕ ಪಟ್ಟಿ ಲಾಕ್ ಆಗತೈತಿ. ನಿಂದು ಆಗಲಿಲ್ಲ ಅಂದ್ರ ಎರಡನೇ ಹೆಸರಿಗೆ ಹೋಗತೈತಿ. ನಮ್ಮ ಕೈಯಾಗ ಏನಿಲ್ಲ ನೋಡು.”

ದೃಢೀಕರಣವೆಂದರೆ ದೊಡ್ಡ ಕೆಲಸವಲ್ಲ. ಆಧಾರಿಗೆ ಜೋಡಿಸಿದ ಫೋನಿಗೆ ಆರು ಅಂಕಿಗಳ ಓಟಿಪಿ ಬರುತ್ತದೆ, ಹತ್ತು ನಿಮಿಷದೊಳಗೆ ಅದನ್ನು ಒತ್ತಬೇಕು. ಆದರೆ ನನ್ನ ಆಧಾರಿಗೆ ಜೋಡಿಸಿದ್ದು ಅಪ್ಪನ ನಂಬರು. ಆಧಾರ್ ಮಾಡುವವರು ನಮ್ಮೂರ ಶಾಲೆಗೆ ಬಂದಾಗ ಮನೆಯಲ್ಲಿದ್ದ ಫೋನು ಅದೊಂದೇ. ನಮ್ಮಂಥ ಮನೆಗಳಲ್ಲಿ ಎಲ್ಲರ ಓಟಿಪಿಯೂ ಕುರಿಗಳ ಹಿಂದೆ ತಿರುಗುತ್ತಿರುತ್ತದೆ.

ಅಕ್ಕ ಗುಂಡಿ ಒತ್ತಿದಳು. ಮೂರು ಸಲ ಮಾತ್ರ ಕಳಿಸಬಹುದು, ಆಮೇಲೆ ನಾಳೆಯೇ, ಎಂದಳು. ಅಪ್ಪನ ನಂಬರು ನನಗೆ ಬಾಯಿಪಾಠವಿತ್ತು. ಕರೆ ಮಾಡಿದೆ. ಆಗಲೇ ಅವನು ‘ಯಾರ್ರೀ’ ಎಂದದ್ದು.

“ನಾನಪ್ಪಾ, ನಿನ್ನ ಮಗಳು. ನಿನ್ನ ಫೋನಿಗೆ ಈಗ ಒಂದು ಮೆಸೇಜ್ ಬಂದೈತಿ ನೋಡು, ಅದರಾಗಿನ ನಂಬರ್ ಹೇಳು.”

ಅಪ್ಪನ ದನಿ ಫೋನಿನಿಂದ ದೂರ ಸರಿದು ಯಾರಿಗೋ ಕೂಗಿತು: “ಏ, ಬಾ ಇಲ್ಲಿ! ನನ್ನ ಮಗಳ ದನಿ ಮಾಡ್ಯಾರ ನೋಡಲೇ! ಥೇಟ್ ಹಂಗ ಐತಿ!”

ಅವನ ಜೊತೆಯ ಕುರುಬಣ್ಣನ ಉತ್ತರವೂ ಕೇಳಿಸಿತು. “ಕಟ್ ಮಾಡಲೇ ಮೊದ್ಲು. ಮಾತಾಡಿದ್ರೂ ರೊಕ್ಕ ಹೋಗತಾವಂತ.”

ಇದನ್ನು ಅಪ್ಪನಿಗೆ ಕಲಿಸಿದವಳು ನಾನೇ. ನಮ್ಮ ಸಂಬಂಧಿಕರೊಬ್ಬರಿಗೆ ಅಳಿಯನ ಹೆಸರಿನಲ್ಲಿ ಯಾರೋ ಕರೆ ಮಾಡಿ, ಟಗರು ಮಾರಿದ ಹಣವನ್ನೆಲ್ಲ ಎಳೆದುಕೊಂಡಿದ್ದರು. ಅದಾದ ಮೇಲೆ ರಜೆಗೆ ಬಂದಾಗ ನಾನು ಅಪ್ಪನನ್ನು ಕೂರಿಸಿಕೊಂಡು ಪಾಠ ಮಾಡಿದ್ದೆ. ಓಟಿಪಿ ಯಾರಿಗೂ ಹೇಳಬ್ಯಾಡ. ಬ್ಯಾಂಕಿನವರು ಅಂದ್ರೂ ಹೇಳಬ್ಯಾಡ, ಪೊಲೀಸರು ಅಂದ್ರೂ ಹೇಳಬ್ಯಾಡ. ಈಗ ಕಂಪ್ಯೂಟರಿನಾಗ ಮಕ್ಕಳ ದನೀನೂ ಮಾಡ್ತಾರ, ನನ್ನ ದನಿಯಾಗ ಕೇಳಿದ್ರೂ ಹೇಳಬ್ಯಾಡ. ಕೊನೆಯ ಮಾತು ಬೇಕಿರಲಿಲ್ಲ. ಓದಿದವಳೆಂಬ ಉಮೇದಿನಲ್ಲಿ ಬಂತು.

“ತಡೀರಿ,” ಎಂದ ಅಪ್ಪ ನನಗೆ. “ನನ್ನ ಮಗಳ ನಂಬರಿಗೇ ಹಚ್ಚಿ ಕೇಳ್ತೀನಿ.”

“ಅದು ರಿಪೇರಿಗೆ ಹೋಗೇತಿ ಯಪ್ಪಾ, ಹತ್ತಂಗಿಲ್ಲ,” ಎನ್ನುವಷ್ಟರಲ್ಲಿ ಕಟ್ ಆಗಿತ್ತು. ಮತ್ತೆ ಮಾಡಿದರೆ ಬಿಜಿ. ಮತ್ತೆ ಬಿಜಿ. ಸಿಕ್ಕಾಗ ಅವನ ದನಿ ಮೊದಲಿಗಿಂತ ಗಟ್ಟಿಯಾಗಿತ್ತು.

“ಮಗಳ ಫೋನ್ ಬಂದ್ ಐತಿ. ಅದನ್ನೂ ನೀವ ಬಂದ್ ಮಾಡಿಸೀರಿ. ಎಲ್ಲಾ ಗೊತ್ತೈತಿ ನನಗ.”

ಪರದೆಯ ಮೇಲೆ ಮೊದಲ ಓಟಿಪಿಯ ಅವಧಿ ಮುಗಿಯಿತು.

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಎರಡನೆಯದನ್ನು ಕಳಿಸಿ, ಜೇನಿನಂಥ ದನಿಯಲ್ಲಿ ಶುರು ಮಾಡಿದಳು. “ಅಣ್ಣಾ, ನಮಸ್ಕಾರ್ರೀ. ನಾನು ಕೊಟ್ಟೂರಿನಿಂದ, ಕಂಪ್ಯೂಟರ್ ಸೆಂಟರಿನಾಕಿ ಮಾತಾಡಾಕತ್ತೀನಿ. ನಿಮ್ಮ ಮಗಳು ಇಲ್ಲೇ ನನ್ನ ಬಾಜೂಕ ಕುಂತಾಳ್ರಿ...”

“ಹೂಂ. ಟಗರಿನ ರೊಕ್ಕ ಕಳಕೊಂಡೋರಿಗೂ ಅಳಿಯ ಆದಮ್ಯಾಲೆ ಹಿಂಗ ಒಬ್ಬಾಕಿ ಮಾತಾಡಿದ್ಲಂತ. ಭಾಳ ನಾಜೂಕ ಮಾತಾಡತೀರಿ ಬಿಡ್ರಿ ನೀವು.”

ಅಕ್ಕ ಫೋನನ್ನು ನನ್ನ ಮಡಿಲಿಗೆ ಹಾಕಿದಳು. “ನಿಮ್ಮಪ್ಪನ್ನ ಬ್ಯಾಂಕಿನಾಗ ಕುಂದ್ರಸಬೇಕವ್ವಾ. ಒಂದು ರೂಪಾಯಿ ಕಳುವಾಗಂಗಿಲ್ಲ.”

ಬಸ್ಸು ಹಿಡಿದು ಹೋಗೋಣವೆಂದರೆ, ಹಿರೇಹಡಗಲಿ ಮುಟ್ಟಿ, ಮಂದೆ ಯಾವ ಹೊಲದಲ್ಲಿದೆ ಎಂದು ವಿಚಾರಿಸುವಷ್ಟರಲ್ಲಿ ಐದು ದಾಟಿರುತ್ತಿತ್ತು. ಅವ್ವ ಶೇಂಗಾ ಸುಲಿಯಲು ಹೋಗಿದ್ದಳು, ಅವಳಲ್ಲಿ ಫೋನಿಲ್ಲ. ಉಳಿದದ್ದು ನನ್ನ ಬಾಯಿ ಮಾತ್ರ. ನಾನು ನಾನೇ ಎಂದು ಬಾಯಿಂದಲೇ ಸಾಬೀತು ಮಾಡಬೇಕಿತ್ತು.

“ಯಪ್ಪಾ, ಏನಾದ್ರೂ ಕೇಳು. ನಮ್ಮ ಮನೀ ಮಂದಿಗೆ ಮಾತ್ರ ಗೊತ್ತಿರೋದು.”

ಅವನು ಯೋಚಿಸಿದ. “ನಮ್ಮ ನಾಯಿ ಹೆಸರೇನು?”

“ಕರಿಯ.”

“ಎಲ್ಲರ ನಾಯೀನೂ ಕರಿಯನ. ಅದನ್ನ ಯಾರಾದ್ರೂ ಹೇಳ್ತಾರ.”

ಆಗ ನಾನೇ ಒಂದು ನೆನಪು ಎತ್ತಿಕೊಂಡೆ. ಚಿಕ್ಕವಳಿದ್ದಾಗ ನಾನು ಸಾಕಿದ್ದ ಕುಂಟ ಮರಿ. ಅದನ್ನು ಮಾರಬೇಡವೆಂದು ನಾನು ಹಟ ಹಿಡಿದದ್ದು, ಅಪ್ಪ ಒಪ್ಪಿದ್ದು, ಅದು ನಮ್ಮ ಹಟ್ಟಿಯಲ್ಲೇ ಮುದಿಯಾಗಿ ಸತ್ತದ್ದು. ಹಾಸ್ಟೆಲಿನಲ್ಲಿ ಗೆಳತಿಯರಿಗೆ ಎಷ್ಟೋ ಸಲ ಹೇಳಿದ ಕತೆ. ಹೇಳಿ ಹೇಳಿ ಅದರ ಅಂಚುಗಳೆಲ್ಲ ನಯವಾಗಿದ್ದವು. ಈಗ ಒಂದೇ ಉಸಿರಿನಲ್ಲಿ ಹೇಳಿದೆ.

“ಸುಳ್ಳು,” ಎಂದ ಅಪ್ಪ. ದನಿಯಲ್ಲಿ ಕಳ್ಳನನ್ನು ಹಿಡಿದ ಸಂತೋಷ. “ಆ ಮರಿ ಮಾರಿದ್ವಿ. ಹರಪನಹಳ್ಳಿ ಸಂತ್ಯಾಗ ಮಾರಿದ್ವಿ. ಅದನ್ನ ಮಾರಿದ ರೊಕ್ಕದಾಗ ನನ್ನ ಮಗಳು ಲಂಗಾ ಜಂಪರ್ ಹೊಲಿಸಿಕೊಂಡ್ಲು.”

ನೀಲಿ ಲಂಗ. ಲಂಗ ನನಗೆ ನೆನಪಿತ್ತು. ಮರಿಯೂ ನೆನಪಿತ್ತು. ಎರಡಕ್ಕೂ ಸಂಬಂಧವಿದೆ ಎಂದು ನನ್ನೊಳಗೆ ಯಾರೂ ಹೇಳಿರಲಿಲ್ಲ. ಇದನ್ನು ಬರೆಯುವಾಗ, ಲಂಗ ನೀಲಿಯೇ ಎಂದು ಎಷ್ಟು ಖಚಿತ ಎಂದು ಕೇಳಿಕೊಳ್ಳುತ್ತೇನೆ. ನೀಲಿಯ ಬಗ್ಗೆಯೂ ಅಪ್ಪನನ್ನು ಕೇಳಬೇಕಿತ್ತು.

ಎರಡನೆಯ ಓಟಿಪಿಯೂ ಸತ್ತಿತು. ಅಕ್ಕ ಗಡಿಯಾರ ನೋಡಿದಳು, ನನ್ನನ್ನು ನೋಡಲಿಲ್ಲ. ಝೆರಾಕ್ಸಿಗೆ ಬಂದವರನ್ನು ಆಮೇಲೆ ಬರ್ರಿ ಎಂದು ಕಳಿಸಿದಳು.

ಹಗರಿಬೊಮ್ಮನಹಳ್ಳಿಯ ಶಾಲೆಯ ಮೆಟ್ಟಿಲುಗಳು ಕಣ್ಣ ಮುಂದೆ ಬಂದವು. ಅದರಲ್ಲಿ ನಾಚಿಕೆಯೇನೂ ಇರಲಿಲ್ಲ, ಒಳ್ಳೆಯ ಶಾಲೆಯೇ. ಆದರೆ ನನಗೆ ಅದು ಬೇಡವಾಗಿತ್ತು. ಎಷ್ಟು ಬೇಡವಾಗಿತ್ತು ಎಂಬುದು ಅವತ್ತೇ ಗೊತ್ತಾದದ್ದು.

“ಮೂರನೇದು ಕಳಿಸಲೇನು?” ಎಂದಳು ಅಕ್ಕ. “ಇದ ಕಡೀದು.”

ತಲೆಯಾಡಿಸಿದೆ. ಈ ಸಲ ನಾನಾಗಿ ಏನೂ ಹೇಳಬಾರದು ಎಂದುಕೊಂಡೆ. ನನ್ನ ಹತ್ತಿರ ಇದ್ದದ್ದೆಲ್ಲ ಕತೆಗಳು, ಅವು ಅಪ್ಪನ ಮುಂದೆ ನಿಲ್ಲುತ್ತಿರಲಿಲ್ಲ.

ಬಹಳ ಹೊತ್ತು ರಿಂಗಾಗಿ ಎತ್ತಿದ. “ಇನ್ನೂ ಬಿಟ್ಟಿಲ್ಲೇನ್ರೀ ನೀವು?”

“ಒಂದ ಒಂದು ಮಾತು ಕೇಳು ಯಪ್ಪಾ. ತಪ್ಪು ಹೇಳಿದ್ರ ಫೋನ್ ಇಡು, ಮತ್ತ ಮಾಡಂಗಿಲ್ಲ.”

ನನ್ನ ದನಿ ಅಳುವಿನ ಹತ್ತಿರ ಬಂದಿತ್ತು. ಅದನ್ನೂ ಕಂಪ್ಯೂಟರು ಮಾಡಬಹುದು ಎಂದು ಅವನಿಗೆ ಹೇಳಿಕೊಟ್ಟವಳು ನಾನೇ. ಆ ಕಡೆ ಕುರಿಗಳ ಕೊರಳ ಗಂಟೆ, ಯಾರೋ ಸಿಳ್ಳೆ ಹಾಕಿದ್ದು. ಆಮೇಲೆ ಅಪ್ಪ, ನಿಧಾನಕ್ಕೆ:

“ಮೊದಲನೇ ದಿನ ಸಾಲಿಗೆ ನಿನ್ನ... ನಿಮ್ಮನ್ನ ಯಾರು ಬಿಟ್ಟು ಬಂದ್ರು?”

ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಕಣ್ಣಿಂದ, ಮೂಗಿಂದ ಗೊತ್ತಿತ್ತು.

“ನೀನ ಬಿಟ್ಟು ಬಂದಿ. ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ಹೋಗಿದ್ದಿ. ಮಳಿ ಬರತಿತ್ತು, ಕಂಬಳಿ ಹೊಚ್ಚಿದ್ದಿ. ನಾನು ನಿನ್ನ ತಲೀ ರುಮಾಲು ಹಿಡಕೊಂಡಿದ್ದೆ.”

ಅಕ್ಕ ತನ್ನ ಬೆರಳನ್ನು ಕೀಬೋರ್ಡಿನ ಮೇಲೆ ಎತ್ತಿ ಹಿಡಿದಿದ್ದಳು. ಫೋನು ಕಟ್ ಆಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಆಗಿರಲಿಲ್ಲ. ಅವನು ಉಸಿರಾಡುವುದು ಕೇಳುತ್ತಿತ್ತು.

“ಬರಕೋ,” ಎಂದ ಅಪ್ಪ.

ಅಂಕಿಗಳನ್ನು ಒಂದೊಂದಾಗಿ ಹೇಳಿದ, ಪ್ರತಿ ಅಂಕಿಯ ನಂತರ ಬರಕೊಂಡೇನು ಎಂದು ಕೇಳುತ್ತಾ. ಆ ಆರು ಅಂಕಿಗಳನ್ನು ಇಲ್ಲಿ ಬರೆದರೆ ಚೆನ್ನಾಗಿರುತ್ತಿತ್ತು, ಯಾರೂ ಸುಳ್ಳೆನ್ನುತ್ತಿರಲಿಲ್ಲ. ನನಗೆ ನೆನಪಿಲ್ಲ. ಅಕ್ಕ ಒತ್ತಿದಳು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೆಂಪು ಅಕ್ಷರ ಹೋಗಿ ಹಸಿರು ಬಂತು.

“ಆತೇನು?” ಎಂದ ಅಪ್ಪ.

“ಆತು ಯಪ್ಪಾ.”

“ನಂದೇನೂ ರೊಕ್ಕ ಹೋಗಿಲ್ಲಲ್ಲ ಮತ್ತ?”

ಅದಾಗಿ ಎರಡು ವಾರಕ್ಕೆ ಪಟ್ಟಿ ಬಂತು. ಹೆಸರು ನನ್ನದೇ. ಹಗರಿಬೊಮ್ಮನಹಳ್ಳಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದೆ. ಆಮೇಲೆ ಅವ್ವ ಬಡಿದುಕೊಟ್ಟ ರೊಟ್ಟಿಗಳ ಗಂಟು ಹಿಡಿದು ಅಪ್ಪನಿದ್ದಲ್ಲಿಗೆ ಹೋದೆ. ಅಷ್ಟರಲ್ಲಿ ಮಂದೆ ಇನ್ನೊಂದು ಹೊಲಕ್ಕೆ ಸರಿದಿತ್ತು. ಅಪ್ಪ ಒಂದು ಬೇವಿನ ಗಿಡದ ಕೆಳಗೆ ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ನಾನೂ ಮರಿಯ ಕಾಲು ಹಿಡಿದುಕೊಂಡೆ.

“ಅವತ್ತು ಕಡೀಗೆ ಹೆಂಗ ನಂಬಿದಿ?”

“ನೀ ತಪ್ಪು ಹೇಳಿದ್ಯಲ್ಲ, ಅದಕ್ಕ ನಂಬಿದೆ.”

“ಏನು ತಪ್ಪು ಹೇಳಿದೆ?”

ಅವನು ಮುಳ್ಳನ್ನು ಎಳೆದು ತೆಗೆದು ದೂರ ಎಸೆದ. “ನಿನ್ನ ಸಾಲಿಗೆ ಹಚ್ಚುವಾಗ ನಾನು ಊರಾಗ ಇರಲಿಲ್ಲವ್ವಾ. ಹೊಳಿ ದಂಡಿಗೆ ಕುರಿ ಹೊಡಕೊಂಡು ಹೋಗಿದ್ದೆ. ನಾ ಬರೋದ್ರಾಗ ನೀನು ಕಾಗುಣಿತ ಕಲಿತಿದ್ದಿ. ಸಾಲಿಗೆ ಅಪ್ಪನೇ ಬಿಟ್ಟು ಬರಬೇಕು ಅಂತ ನೀನು ದಿನಾ ಅಳತಿದ್ದ್ಯಂತ. ಅದಕ್ಕ ನಿಮ್ಮವ್ವ, ‘ಮೊದಲನೇ ದಿನ ಅಪ್ಪನೇ ಬಿಟ್ಟು ಬಂದಾನ, ನೀನು ನಿದ್ದಿಗಣ್ಣಾಗಿದ್ದಿ’ ಅಂತ ಹೇಳ್ಯಾಳ. ಕೇಳಿದ್ರ ಹೌದು ಅನ್ನು ಅಂತ ನನಗೂ ಹೇಳಿದ್ಲು. ಹೌದು ಅಂದೆ.”

ಮರಿಯನ್ನು ಬಿಟ್ಟ. ಅದು ಮೂರು ಕಾಲಿನಲ್ಲಿ ಓಡಿತು.

“ಕಳ್ಳರಿಗೆ ಖರೇ ಸುದ್ದಿ ಎಲ್ಲಿಂದರ ಸಿಗಬಹುದು. ನಮ್ಮನೀ ಸುಳ್ಳು ಎಲ್ಲಿಂದ ಸಿಗಬೇಕು?”

ನಾನು ನಗಬೇಕಿತ್ತು. ಸ್ಕಾಲರ್‌ಶಿಪ್ ಸಿಕ್ಕಿತ್ತು, ಅಪ್ಪ ಎದುರಿಗಿದ್ದ, ಪಾತ್ರೆಯಲ್ಲಿ ಚಹಾ ಕುದಿಯುತ್ತಿತ್ತು. ಆದರೆ ಒದ್ದೆ ಕಂಬಳಿಯ ವಾಸನೆ ಹೋಗಲಿಲ್ಲ. ಮೇಲಿನಿಂದ ಕಂಡ ಶಾಲೆಯ ಹೆಂಚುಗಳು ಹೋಗಲಿಲ್ಲ. ತೊಡೆಯ ಕೆಳಗೆ ಒಂದು ಹೆಗಲಿನ ಎಲುಬು ಒತ್ತುತ್ತಿತ್ತು, ಈಗಲೂ ಒತ್ತುತ್ತದೆ. ನಡೆಯದ ದಿನಕ್ಕೆ ಇಷ್ಟು ಎಲುಬು ಎಲ್ಲಿಂದ ಬಂತು?

“ಹಂಗಾದ್ರ ನನ್ನ ಹೊತ್ತುಕೊಂಡು ಹೋದೋರು ಯಾರು?”

“ನನಗೇನು ಗೊತ್ತು? ನಾ ಎಲ್ಲಿದ್ದೆ ಅಲ್ಲಿ?”

ಚಹಾ ಸೋಸಿ ಕೊಟ್ಟ. ಕುಡಿದೆವು. ಹಾಸ್ಟೆಲಿನಲ್ಲಿ ಊಟ ಹೇಗೆ ಎಂದು ಕೇಳಿದ, ಹೇಳಿದೆ.

ಊರಿಗೆ ಬಂದು ಅವ್ವನನ್ನು ಹಿಡಿದೆ. ಅವಳು ನನ್ನ ಟ್ರಂಕಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಜಾಗ ಮಾಡುತ್ತಿದ್ದಳು. ಅಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಮುಖ ಎತ್ತಲಿಲ್ಲ.

“ನಿಮ್ಮಪ್ಪಗ ಏನು ನೆನಪಿರತೈತಿ? ಕುರಿ ಎಷ್ಟು ಅಂತ ಬಿಟ್ರ ಬ್ಯಾರೆ ಏನೂ ಇರಂಗಿಲ್ಲ. ಅವರೇ ಬಿಟ್ಟು ಬಂದ್ರು. ನಾನು ಬಾಗಲದಾಗ ನಿಂತು ನೋಡೀನಿ, ಕಂಬಳಿ ಹೊಚ್ಚಿಕೊಂಡು ಹೋದ್ರು.”

“ಅಪ್ಪ ಊರಾಗ ಇರಲಿಲ್ಲಂತಲ್ಲವ್ವಾ.”

“ಇದ್ರು.”

“ನೀನ ಅಂವಗ ಹೌದು ಅನ್ನು ಅಂತ ಹೇಳಿದ್ದ್ಯಂತಲ್ಲ?”

“ಯಾವಾಗ ಹೇಳೀನಿ? ಎಂ.ಎ. ಓದಿದ್ರ ಏನಾತು, ನೀನು ಆಗ ಇಷ್ಟುದ್ದ ಇದ್ದಿ. ನನಗ ಗೊತ್ತೋ ನಿನಗ ಗೊತ್ತೋ?” ಅವ್ವ ಟ್ರಂಕಿನ ಮುಚ್ಚಳ ಹಾಕಿ ಮೇಲೆ ಕೂತಳು, ಚಿಲಕ ಬೀಳಲೆಂದು. “ಏಳು ಏಳು, ಬಸ್ಸು ಬರೋ ಹೊತ್ತಾತು. ತಡಾ ಮಾಡಿದ್ರ ಹಾಸ್ಟೆಲಿನಾಗ ಚಲೋ ರೂಮು ಬ್ಯಾರೆಯವರು ಹಿಡೀತಾರ.”

ಟ್ರಂಕಿನ ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ನಾನು.