ಕೆಂಪು ಬಾಲದ ಗೋಣಿಕೋಳಿ

ಅತ್ತಿಗುಂಡಿ ಕಡೆಯ ಆ ಕಾಫಿ ತೋಟದಲ್ಲಿ ಯಾರಿಗೂ ಬೇಡವಾದದ್ದು ರಂಗಮ್ಮನಿಗೆ ಸೇರಿದ್ದು ಎಂಬ ಮಾತಿತ್ತು. ಹರಿದ ಗೋಣಿ, ಒಂಟಿ ಹವಾಯಿ ಚಪ್ಪಲಿ, ಖಾಲಿ ಬೆಂಕಿಪೊಟ್ಟಣ, ಬಟ್ಟೆ ಸವೆದು ಗುಂಡಿ ಮಾತ್ರ ಗಟ್ಟಿ ಉಳಿದ ಅಂಗಿ, ಯಾವುದನ್ನೂ ಕೂಲಿಯಾಳುಗಳ ಲೈನ್‌ಮನೆಯವರು ತಿಪ್ಪೆಗೆ ಎಸೆಯುತ್ತಿರಲಿಲ್ಲ. ಶಿಶುವಿಹಾರದ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದರು.

ರಂಗಮ್ಮ ಆ ಶಿಶುವಿಹಾರದ ಆಯಾ. ತೋಟದ ಹೆಂಗಸರು ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ಮಕ್ಕಳನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಾರೆ. ಹದಿನೆಂಟು ವರ್ಷದಿಂದ ಅವಳು ಮಾಡಿಕೊಂಡು ಬಂದ ಕೆಲಸ ಇದೇ. ಎಸ್ಟೇಟಿನವರು ಕೊಟ್ಟ ಆಟದ ಸಾಮಾನೆಂದರೆ ಚಕ್ರವಿಲ್ಲದ ಒಂದು ಪ್ಲಾಸ್ಟಿಕ್ ಲಾರಿ. ಉಳಿದದ್ದೆಲ್ಲ ಅವಳ ಕೈಯಿಂದ ಆದದ್ದು. ಬೆಂಕಿಪೊಟ್ಟಣಗಳನ್ನು ದಾರಕ್ಕೆ ಪೋಣಿಸಿ ರೈಲು ಮಾಡಿದ್ದಳು. ಹಾಲಿನ ಕವರುಗಳನ್ನು ತೊಳೆದು, ಸೀಳಿ, ಜಡೆಯಂತೆ ಹೆಣೆದು ಕುಣಿಯುವ ಹಗ್ಗ ಮಾಡಿದ್ದಳು. ಏನೇ ಮಾಡಲಿ, ಗಂಟು ಒಳಮೈಗೆ ಬರುವಂತೆ ಹೊಲಿಯುತ್ತಿದ್ದಳು. ಗಂಟು ಹೊರಗಿದ್ದರೆ ಮಕ್ಕಳು ಕಚ್ಚಿ ಬಿಚ್ಚುತ್ತವೆ.

ಆ ವರ್ಷ ಗಣಪತಿ ಹಬ್ಬ ಸೆಪ್ಟೆಂಬರಿನಲ್ಲಿ ಬಂತು. ಲೈನಿನ ಹುಡುಗರು ಗಣಪತಿಯನ್ನು ಕೆರೆಗೆ ಬಿಡಲು ಒಯ್ಯುವ ದಾರಿಯುದ್ದಕ್ಕೂ ಮರಗಳಿಗೆ ಬಣ್ಣದ ಬಟ್ಟೆ, ಕಾಗದ ಕಟ್ಟಿದ್ದರು. ಹಬ್ಬ ಕಳೆದು ಹತ್ತು ದಿನವಾದರೂ ಬಿಚ್ಚಿರಲಿಲ್ಲ. ರಂಗಮ್ಮ ದಿನವೂ ಅದೇ ದಾರಿಯಲ್ಲಿ ಬರುವವಳು. ಆಗ ಅವಳು ಗೋಣಿಯ ಒಂದು ಕೋಳಿ ಹೊಲಿಯುತ್ತಿದ್ದಳು. ಹೊಟ್ಟೆಗೆ ಕಾಫಿ ಹೊಟ್ಟು ತುಂಬಿ, ಚಪ್ಪಲಿಯ ರಬ್ಬರು ಕತ್ತರಿಸಿ ಕೊಕ್ಕು ಮಾಡಿ, ಅಂಗಿಯ ಗುಂಡಿಗಳನ್ನು ಕಣ್ಣಾಗಿ ಇಟ್ಟಾಗಿತ್ತು. ಬಾಲಕ್ಕೆ ತಕ್ಕ ಬಟ್ಟೆ ಮಾತ್ರ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಕೆಂಪು ಬಟ್ಟೆಯ ಪಟ್ಟಿಗಳು ಕಂಡವು. ಗೇಣುದ್ದದವು, ಒಂದೊಂದು ಗಿಡಕ್ಕೆ ಒಂದೊಂದು. ಹಬ್ಬದ ಬಟ್ಟೆಯೇ ಇರಬೇಕೆಂದು ದಾರಿಯ ಅಂಚಿನವುಗಳನ್ನು ಬಿಚ್ಚಿದಳು. ಆಮೇಲೆ ಎರಡನೆಯ ಸಾಲಿಗೆ ಹೋದಳು, ಮೂರನೆಯದಕ್ಕೂ ಹೋದಳು. ಮೂರನೆಯ ಸಾಲಿನಲ್ಲಿ ನಿಂತಾಗ, ಗಣಪತಿ ಹೊತ್ತ ಹುಡುಗರು ಇಷ್ಟು ಒಳಗೆ ಯಾಕೆ ಬಂದು ಕಟ್ಟಿಯಾರು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಅನ್ನಿಸಿತು. ಆದರೆ ಕೈಯಲ್ಲಿ ಆಗಲೇ ಒಂದು ಹಿಡಿ ಕೆಂಪು ಇತ್ತು, ಕಣ್ಣ ಮುಂದೆ ಕೋಳಿಯ ಬಾಲ ಇತ್ತು. ಯಾರನ್ನಾದರೂ ಕೇಳಿದರೆ ಬೇಡ ಎಂದಾರು ಎಂದು ಅವಳು ಕೇಳಲೇ ಇಲ್ಲ. ಒಟ್ಟು ಮೂವತ್ತೊಂದು ಪಟ್ಟಿಗಳಾದವು.

ಕೋಳಿ ಚೆನ್ನಾಗಿ ಬಂತು. ಅರುಣಾಳ ಮಗಳು ರಂಜಿತಾ, ನಾಲ್ಕು ವರ್ಷದವಳು, ಅದನ್ನು ಬಗಲಲ್ಲಿಟ್ಟುಕೊಂಡೇ ಊಟ ಮಾಡಿದಳು.

ನಾಲ್ಕು ದಿನ ಕಳೆದ ಮೇಲೆ ಮಧ್ಯಾಹ್ನ ಮಗಳನ್ನು ನೋಡಲು ಬಂದ ಅರುಣಾ ನಗುತ್ತಾ ಹೇಳಿದಳು: "ಶಿವಯ್ಯನವರಿಗೆ ಇವತ್ತು ಸರಿಯಾಗಿ ಮಂಗಳಾರತಿ ಆಯ್ತು ಮಾರಾಯ್ತಿ."

ಶಿವಯ್ಯ ತೋಟದ ಹಳೆಯ ಮೇಸ್ತ್ರಿ. ಬೋರರ್ ಹುಳು ಹೊಕ್ಕ ಗಿಡಗಳನ್ನು ಹುಡುಕುವುದು ಅವರ ಕೆಲಸ. ಹುಳು ಕಾಂಡದ ಒಳಗೆ ಕೊರೆಯುತ್ತಾ ಹೋಗುತ್ತದೆ, ಹೊರಗೆ ತೊಗಟೆ ಉಬ್ಬಿದ ಸಣ್ಣ ಏಣು ಬಿಟ್ಟರೆ ಏನೂ ಕಾಣುವುದಿಲ್ಲ. ಶಿವಯ್ಯ ಹೆಬ್ಬೆರಳು ಸವರಿಯೇ ಹೇಳಿಬಿಡುತ್ತಿದ್ದರು. ಅವರು ಗುರುತು ಮಾಡಿದ ಗಿಡಗಳನ್ನು, ಹುಳು ರೆಕ್ಕೆ ಮೂಡಿ ಹೊರಬರುವ ಮೊದಲೇ, ಆಳುಗಳು ಕಿತ್ತು ಸುಡುತ್ತಾರೆ. ಹೋದ ವರ್ಷದವರೆಗೆ ಸುಣ್ಣದ ಗುರುತು ಹಾಕುತ್ತಿದ್ದರು. ಮಳೆಗೆ ಅದು ತೊಳೆದು ಹೋಗುತ್ತದೆಂದು ಈ ವರ್ಷ ಬಟ್ಟೆ ಕಟ್ಟಿದ್ದರು.

"ಆಳುಗಳು ಕೀಳೋಕೆ ಹೋದ್ರೆ ಒಂದು ಗಿಡದಲ್ಲೂ ಗುರುತಿಲ್ಲ" ಎಂದಳು ಅರುಣಾ. "ರೈಟರ್ ಪ್ರಸಾದ್ ಕೇಳಿದ್ರು, ಇಡೀ ದಿನ ಗಿಡ ನೋಡಿದ್ರೋ, ಮರದಡಿ ಬೀಡಿ ಸೇದಿದ್ರೋ ಅಂತ. ಮೂವತ್ತೊಂದು ಕಟ್ಟಿದ್ದೆ ಕಣ್ರೀ ಅಂತಾರೆ ಇವರು. ಹಾಗಾದ್ರೆ ಕಾಡಿಂದ ಕಾಟಿ ಬಂದು ಬಟ್ಟೆ ಮೇಯ್ತಾ ಅಂತ ಯಾರೋ ಅಂದ್ರು. ನಕ್ಕೂ ನಕ್ಕೂ ಸಾಕಾಯ್ತು."

ರಂಗಮ್ಮ ನಗಲಿಲ್ಲ. ಜಗಲಿಯಲ್ಲಿ ರಂಜಿತಾ ಕೋಳಿಯ ಬಾಲವನ್ನು ಬಾಚುತ್ತಿದ್ದಳು. ಅರುಣಾಳ ಕಣ್ಣು ಅದರ ಮೇಲೆ ಬಿದ್ದೂ ಬೀಳದಂತೆ ಸರಿದು ಹೋಯಿತು. ಅವಳು ಹೊರಟ ಮೇಲೆ ರಂಗಮ್ಮ ಕೋಳಿಯನ್ನು ಅಟ್ಟದ ಮೇಲೆ ಹಾಕಿದಳು. ಮಗು ಸಂಜೆಯವರೆಗೆ ಅತ್ತಿತು.

ಆಗಲೇ ಹೋಗಿ ಹೇಳಬಹುದಿತ್ತು. ಆಫೀಸಿಗೆ ನೂರು ಹೆಜ್ಜೆಯೂ ಇಲ್ಲ. ಹೇಳಿದರೆ ಈ ಕೆಲಸ ಹೋದೀತು, ಕೆಲಸದೊಂದಿಗೆ ಲೈನ್‌ಮನೆಯೂ ಹೋದೀತು ಎಂದು ಹೆದರಿದಳು. ಬಟ್ಟೆಗಳನ್ನು ಸದ್ದಿಲ್ಲದೆ ವಾಪಸು ಕಟ್ಟಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು.

ಭಾನುವಾರ ತೋಟಕ್ಕೆ ರಜೆ. ಎಲ್ಲರೂ ಪೇಟೆಗೆ ಹೋದ ಹೊತ್ತಿನಲ್ಲಿ ಅವಳು ಬಾಲದ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾಲಿಗೆ ಇಳಿದಳು. ದಾರಿಯ ಅಂಚಿನವು ನೆನಪಿದ್ದವು. ಬಾಗಿದ ಸಿಲ್ವರ್ ಓಕ್ ಮರದ ಬುಡದ್ದು, ಹಾಸುಗಲ್ಲಿನ ಎಡಗಡೆಯ ಎರಡು, ಹೀಗೆ ಹದಿನಾಲ್ಕು. ಉಳಿದ ಹದಿನೇಳಕ್ಕೆ ಗಿಡಗಳೆಲ್ಲ ಒಂದೇ ತರ ಕಂಡವು. ಎಲೆ ಹಳದಿಯಾದದ್ದನ್ನು ಹುಡುಕಿದಳು. ಶಿವಯ್ಯನಂತೆ ಹೆಬ್ಬೆರಳನ್ನೂ ಸವರಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಕೊನೆಗೆ ಕಣ್ಣಿಗೆ ತೋಚಿದ ಗಿಡಕ್ಕೆ ಕಟ್ಟಿ ಮನೆಗೆ ಬಂದಳು.

ಸೋಮವಾರ ಗುರುತು ಮತ್ತೆ ಕಂಡು ಆಳುಗಳು ಕಿತ್ತರು. ಕಿತ್ತ ಗಿಡವನ್ನು ಸೀಳಿ ನೋಡುವುದು ರೂಢಿ. ಮೊದಲಿನವುಗಳಲ್ಲಿ ಹುಳು ಕೊರೆದ ಸುರಂಗ ಇತ್ತು. ಆಮೇಲೆ ಒಂದರಲ್ಲಿ ಇಲ್ಲ, ಇನ್ನೊಂದರಲ್ಲೂ ಇಲ್ಲ. ಒಂಬತ್ತು ಗಿಡ ಒಳಗೆ ಹಾಲಿನಂತೆ ಬೆಳ್ಳಗಿದ್ದವು. ಫಸಲು ಹೊತ್ತ ಗಿಡಗಳು, ಹಸಿರು ಕಾಯಿ ಗೊಂಚಲು ಗೊಂಚಲಾಗಿ ನೆಲಕ್ಕೆ ಬಿದ್ದಿದ್ದವು. ತೋಟದ ಯಜಮಾನರು ಸೋಮಶೇಖರಪ್ಪನವರೇ ಬಂದು ನಿಲ್ಲಿಸಿದರು.

"ಮೊದಲು ಕಟ್ಟಲಿಲ್ಲ. ಬೈದ ಮೇಲೆ ಸಿಕ್ಕ ಸಿಕ್ಕ ಗಿಡಕ್ಕೆ ಕಟ್ಟಿದ್ದೀರಿ" ಎಂದರಂತೆ ಅವರು. "ಕಣ್ಣು ಕಾಣದಿದ್ರೆ ಕಾಣಲ್ಲ ಅನ್ನಬೇಕಿತ್ತು ಶಿವಯ್ಯ. ಬುಧವಾರದಿಂದ ಗೇಟ್ ಹತ್ರ ಕೂತ್ಕೊಳ್ಳಿ. ಗಿಡ ಮುಟ್ಟಬೇಡಿ."

ಶಿವಯ್ಯ ಒಂದು ಪಟ್ಟಿಯನ್ನು ಬೆರಳುಗಳ ನಡುವೆ ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತಿದ್ದರಂತೆ. ಇದನ್ನು ಹೇಳುವಾಗ ಅರುಣಾ ಕೂಡ ನಗಲಿಲ್ಲ. "ಮೂವತ್ತು ವರ್ಷ ಮಾಡಿದ ಕೆಲಸ, ಪಾಪ" ಎಂದಳು.

ಮಂಗಳವಾರ ರಂಗಮ್ಮ ಮಕ್ಕಳಿಗೆ ಗಂಜಿ ಬಡಿಸುವಾಗ ಎರಡು ಸಲ ಉಪ್ಪು ಹಾಕಿದಳು. ಕೋಳಿಯನ್ನು ಅಟ್ಟದಿಂದ ಇಳಿಸಿ ಕೊಟ್ಟಿದ್ದಳು. ರಂಜಿತಾ ಅದರ ಬೋಳು ಹಿಂಭಾಗ ಮುಟ್ಟಿ ಕೇಳಿದಳು: "ಬಾಲ ಎಲ್ಲಿ ಅಜ್ಜಿ?"

"ನರಿ ಕಚ್ಕೊಂಡು ಹೋಯ್ತು."

"ಯಾವ ನರಿ?"

ರಂಗಮ್ಮ ಗಂಜಿಯ ಸೌಟು ಹಿಡಿದು ಮುಂದಿನ ಮಗುವಿನ ಹತ್ತಿರ ಹೋದಳು.

ಬುಧವಾರ ಬೆಳಿಗ್ಗೆ ಹಾಜರಿಗೆ ಎಲ್ಲರೂ ಕಣದಲ್ಲಿ ಸೇರಿದ್ದರು, ಯಜಮಾನರೂ ಬಂದು ನಿಂತಿದ್ದರು. ರಂಗಮ್ಮ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಹಾಜರಿ ಬರೆಯುವ ಪ್ರಸಾದ್ ಕೆಂಪು ಪಟ್ಟಿಗಳ ಕಂತೆಯನ್ನು ಮೇಜಿನ ಮೇಲಿಟ್ಟು, ಇನ್ನು ಗಿಡ ನೋಡುವವರು ಯಾರು ಎಂದು ಕೇಳುತ್ತಿದ್ದ. ಗೇಟಿನ ಪಕ್ಕ ಶಿವಯ್ಯ ಕೊಡೆ ಊರಿಕೊಂಡು ನಿಂತಿದ್ದರು. ಅಮ್ಮನ ಸೊಂಟದ ಮೇಲಿದ್ದ ರಂಜಿತಾ ಕೈ ಚಾಚಿ ಕೂಗಿದಳು: "ಅಜ್ಜೀ, ನಮ್ಮ ಕೋಳಿ ಬಾಲ! ನರಿ ಇಲ್ಲಿಟ್ಟಿದೆ!"

ಜನ ನಕ್ಕರು. "ನಿನ್ ಮಗಳಿಗೆ ಪ್ರಸಾದಣ್ಣ ನರಿ ತರ ಕಂಡ್ರಲ್ಲೇ ಅರುಣಾ!" ಎಂದಿತು ಒಂದು ದನಿ. ಯಾರಿಗೂ ಏನೂ ಅರ್ಥವಾಗಿರಲಿಲ್ಲ. ರಂಗಮ್ಮ ಸುಮ್ಮನೆ ಮಗುವನ್ನು ಎತ್ತಿಕೊಂಡು ಹೋಗಿಬಿಡಬಹುದಿತ್ತು. ಎರಡು ಹೆಜ್ಜೆ ಹೋಗಿಯೂ ಹೋದಳು. ಆಮೇಲೆ ತಿರುಗಿ ಮೇಜಿನ ಹತ್ತಿರ ಬಂದಳು.

"ನರಿ ಅಲ್ಲ, ನಾನು" ಎಂದಳು. ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಶಿವಯ್ಯನವರು ಕಟ್ಟಿದ್ದರು. ಬಿಚ್ಚಿದ್ದು ನಾನು, ಮಕ್ಕಳ ಕೋಳಿಗೆ. ಹಬ್ಬದ ಬಟ್ಟೆ ಅಂದ್ಕೊಂಡೆ." ಅಲ್ಲಿಗೆ ನಿಲ್ಲಿಸಬಹುದೆಂದು ಅನ್ನಿಸಿತು. ನಿಲ್ಲಿಸಲಿಲ್ಲ. "ಅಲ್ಲವೇನೋ ಅಂತಲೂ ಅನ್ನಿಸಿತ್ತು. ಆದ್ರೂ ಬಿಚ್ಚಿದೆ. ಭಾನುವಾರ ತಪ್ಪು ಗಿಡಕ್ಕೆ ಕಟ್ಟಿದ್ದೂ ನಾನೇ. ಅವರ ಕಣ್ಣು ಸರಿ ಇದೆ."

ಪ್ರಸಾದ್ ಮೇಜಿನ ಕಡೆ ನೋಡಿದ. ಸೋಮಶೇಖರಪ್ಪನವರು "ಒಂಬತ್ತು ಗಿಡ, ರಂಗಮ್ಮ" ಎಂದಷ್ಟೇ ಹೇಳಿದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆಮೇಲೆ ಗೇಟಿನ ಕಡೆ ತಿರುಗಿ, "ಶಿವಯ್ಯ, ನಾನು ಆಡಿದ ಮಾತು ತಪ್ಪಾಯ್ತು. ಮತ್ತೆ ಗಿಡ ನೋಡ್ತೀರಾ? ಹುಳು ಹೊರಡೋಕೆ ಹೆಚ್ಚು ದಿನ ಇಲ್ಲ" ಎಂದರು.

ಶಿವಯ್ಯ ಬಂದು ಕಂತೆಯನ್ನು ಎತ್ತಿಕೊಂಡರು. ಅದರಿಂದ ಒಂದು ಪಟ್ಟಿ ಎಳೆದು ರಂಗಮ್ಮನ ಮುಂದೆ ಹಿಡಿದರು. ತುದಿಯಲ್ಲಿ ಸೂಜಿಯ ತೂತುಗಳು, ಒಂದು ಚೂರು ಕಪ್ಪು ದಾರ.

"ಸೋಮವಾರವೇ ಗೊತ್ತಾಯ್ತು ನಂಗೆ" ಎಂದರು ಮೆಲ್ಲಗೆ. "ಈ ತೋಟದಲ್ಲಿ ಇಷ್ಟು ಸಣ್ಣ ಹೊಲಿಗೆ ಇನ್ಯಾರು ಹಾಕ್ತಾರೆ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ." ಪಟ್ಟಿಯನ್ನು ಕಂತೆಗೆ ಸೇರಿಸುತ್ತಾ, "ನೀನು ಎರಡು ದಿನ ತಡ ಮಾಡಿದೆ ನೋಡು" ಎಂದರು.

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಆದರೂ ರಂಗಮ್ಮ ಆ ಮಾತನ್ನು ಮುಂದೆ ಎಂದೂ ಮರೆಯಲಿಲ್ಲ.

ರಂಗಮ್ಮನ ಕೆಲಸ ಹೋಗಲಿಲ್ಲ. ಆ ವಾರವೆಲ್ಲ ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತಿನಲ್ಲಿ ಅರುಣಾಳನ್ನು ಕಾವಲಿಗೆ ಕೂರಿಸಿ, ಅವಳು ಶಿವಯ್ಯನ ಹಿಂದೆ ಪಟ್ಟಿ ಹಿಡಿದು ನಡೆದಳು. ಅವರು ಕಾಂಡ ಸವರಿ "ಹ್ಞೂಂ" ಎಂದರೆ ಅವಳು ಕಟ್ಟಬೇಕು. ಕಿತ್ತ ಒಂಬತ್ತು ಗಿಡಗಳ ಕಟ್ಟಿಗೆ ಬೇಕಾದರೆ ತೆಗೆದುಕೋ, ಒಳ್ಳೆಯ ಬುಗುರಿ ಆಗುತ್ತದೆ ಎಂದು ಆಳುಗಳು ಹೇಳಿದ್ದರು. ಅವಳು ಮುಟ್ಟಿರಲಿಲ್ಲ. ಅದು ಹುಳು ಹೊಕ್ಕ ಗಿಡಗಳ ಜೊತೆಗೇ ಸುಟ್ಟುಹೋಯಿತು.

ಮೂರನೆಯ ಸಾಲಿನಲ್ಲಿ ಶಿವಯ್ಯ ಒಂದು ಗಿಡದ ಮುಂದೆ ನಿಂತು, "ಇಲ್ಲಿ ಬೆರಳಿಡು" ಎಂದರು.

ಇಟ್ಟಳು.

"ಗೊತ್ತಾಯ್ತಾ?"

"ಇಲ್ಲ."

"ಹೊಲಿಗೆಯ ಗಂಟು ಹುಡುಕೋ ಹಾಗೆ ನೋಡು. ಮೆಲ್ಲಗೆ."

ಅವಳು ಕಣ್ಣು ಮುಚ್ಚಿ ಹೆಬ್ಬೆರಳನ್ನು ಇಳಿಸಿದಳು. ತೊಗಟೆಯ ಒಳಗೆ, ಬಟ್ಟೆಯ ಒಳಮೈಯ ಗಂಟಿನಂತೆ, ಏನೋ ಒಂದು ಏಣು ತಡೆಯಿತು. ಅವಳು ಕೈ ತೆಗೆಯಲಿಲ್ಲ. ಪಕ್ಕದಲ್ಲೇ ಭಾನುವಾರ ಅವಳು ತಪ್ಪಾಗಿ ಬಟ್ಟೆ ಕಟ್ಟಿದ್ದ ಗಿಡದ ಜಾಗದಲ್ಲಿ ಗುಂಡಿ ಇತ್ತು, ಅದರೊಳಗೆ ಮಳೆಯ ನೀರು ನಿಂತಿತ್ತು.

"ಇದಕ್ಕೆ ಕಟ್ಟಲಾ?" ಎಂದು ಕೇಳಿದಳು.

"ಕಟ್ಟು" ಎಂದು ಶಿವಯ್ಯ ಗುಂಡಿಯನ್ನು ಬಳಸಿ ಮುಂದಿನ ಗಿಡಕ್ಕೆ ಹೋದರು.