ಎರಡು ಸಲ ನೋಡುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮನ ಬಿಳಿ ಕೋಟಿನ ಬಲತೋಳಿನ ಅಂಚು ಸದಾ ನೀಲಿ. ಎಷ್ಟು ಒಗೆದರೂ ಹೋಗದ ಕಲೆ. ದೊಡ್ಡ ಕರುಳಿನ ಒಳಗೋಡೆಗೆ ಅವರು ಸಿಂಪಡಿಸುತ್ತಿದ್ದ ಬಣ್ಣ ಅದು. ಎರಡು ಸಾವಿರದ ಇಸವಿಯ ಆಚೀಚೆ, ಹಲಸೂರಿನ ಖಾಸಗಿ ಆಸ್ಪತ್ರೆಯೊಂದರ ಕೊಲೊನೋಸ್ಕೋಪಿ ಕೋಣೆಯಲ್ಲಿ ನಾನು ಅವರ ಜೊತೆ ನರ್ಸ್ ಆಗಿದ್ದೆ.

ಉಳಿದ ಡಾಕ್ಟರುಗಳು ಕ್ಯಾಮೆರಾ ಕೊಳವೆಯನ್ನು ಕರುಳಿನ ತುದಿವರೆಗೆ ತಳ್ಳಿ, ಬಾವಿಯಿಂದ ಹಗ್ಗ ಸೇದಿದಂತೆ ಸರಸರ ಎಳೆದುಬಿಡುತ್ತಿದ್ದರು. ಡಾಕ್ಟರಮ್ಮ ಎಳೆಯುವಾಗಲೇ ತಡೆದು ತಡೆದು ಪ್ರತಿ ಮಡಿಕೆಯ ಹಿಂದೆ ಇಣುಕುವರು. ಅನುಮಾನ ಬಂದಲ್ಲಿ ಬಣ್ಣ ಹಾಕಿ ಇನ್ನೊಮ್ಮೆ ನೋಡುವರು. "ಬಟಾಣಿ ಥರ ಎದ್ದು ನಿಂತಿರೋ ಗಂಟು ಯಾರಿಗಾದ್ರೂ ಕಾಣತ್ತೆ ಸಿಸ್ಟರ್. ಚಪ್ಪಟೆಯಾಗಿ ಮಲಗಿರತ್ತಲ್ಲ, ಅದನ್ನ ಹುಡುಕ್ಬೇಕು."

ಬಾಣಸವಾಡಿಯಲ್ಲಿದ್ದ ನನ್ನ ಅಕ್ಕನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ನಮ್ಮಲ್ಲೇ ಇನ್ನೊಬ್ಬ ಡಾಕ್ಟರು ಕೊಳವೆ ಹಾಕಿ ನೋಡಿ, ಬರೀ ಮೂಲವ್ಯಾಧಿ ಎಂದು ಕಳಿಸಿದ್ದರು. ಅಪ್ಪ ಕರುಳಿನ ಕ್ಯಾನ್ಸರಿನಿಂದ ಹೋದದ್ದನ್ನು ಅಕ್ಕ ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಡಾಕ್ಟರಮ್ಮ ಕೇಳಿ ಕೆಂಡವಾದರು. "ಅಪ್ಪನಿಗಿತ್ತು ಅಂದ್ಮೇಲೂ ಹೀಗೆ ನೋಡೋದಾ? ಹೊಟ್ಟೆ ಖಾಲಿ ಮಾಡಿಸಿ ನಾಳಿದ್ದು ಕರ್ಕೊಂಡ್ಬನ್ನಿ."

ಮೊದಲು ಬಣ್ಣವಿಲ್ಲದೆ ನೋಡಿದರು. ಪರದೆಯ ಮೇಲೆ ಬರೀ ನಸುಗೆಂಪು. ಕೊಳವೆಯನ್ನು ಮತ್ತೆ ಒಳಗೆ ಒಯ್ದು ನೀಲಿ ಸಿಂಪಡಿಸಿದಾಗ ಮಡಿಕೆಯ ಮರೆಯಲ್ಲಿ ಚಪ್ಪಟೆ ಗಂಟೊಂದರ ಅಂಚು ಮೆಲ್ಲಗೆ ಮೂಡಿತು. ಅಲ್ಲೇ ಕತ್ತರಿಸಿ ತೆಗೆದರು. ಅದು ಕ್ಯಾನ್ಸರ್ ಆಗುವ ಹಾದಿಯಲ್ಲಿತ್ತು, ಇನ್ನೂ ಆಗಿರಲಿಲ್ಲ ಎಂದು ಲ್ಯಾಬಿನವರು ತಿಳಿಸಿದರು.

ಮೆಚ್ಚುಗೆ ಬರಬೇಕಿತ್ತು. ಬಂದದ್ದು ಆಡಳಿತಾಧಿಕಾರಿ. "ಮೇಡಂ, ನೀವು ಒಂದು ಕೇಸ್ ಮಾಡೋಷ್ಟರಲ್ಲಿ ಬೇರೆ ಡಾಕ್ಟರು ಎರಡು ಮುಗಿಸ್ತಾರೆ. ಈ ಕಲರ್ ಎಲ್ಲಾ ಬೇಕಾ?"

"ಮುಗಿಸ್ತಾರೆ, ಸರಿ. ನೋಡೋರು ಯಾರು? ಎರಡು ರೀತೀಲೂ ಮಾಡಿ ಹೋಲಿಸೋಣ. ಯಾವುದ್ರಲ್ಲಿ ಗಂಟು ಜಾಸ್ತಿ ಸಿಗತ್ತೋ ಎಲ್ಲರಿಗೂ ಗೊತ್ತಾಗ್ಲಿ."

ಯಾರೂ ಒಪ್ಪಲಿಲ್ಲ. ಒಪ್ಪಿದ್ದರೆ ಅದುವರೆಗೆ ಉಳಿದ ಡಾಕ್ಟರುಗಳ ಕಣ್ಣು ತಪ್ಪಿಸಿಕೊಂಡ ಗಂಟುಗಳೂ ಬಯಲಾಗುತ್ತಿದ್ದವು. ವಾದಿಸುವ ಬದಲು ಆಡಳಿತದವರು ಬಣ್ಣ ತರಿಸುವುದನ್ನೇ ನಿಲ್ಲಿಸಿದರು; ಆಮೇಲೆ ಡಾಕ್ಟರಮ್ಮನಿಗೆ ಕೋಣೆ ಕೊಡುವುದನ್ನು. ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಅವರು ಕೆ.ಆರ್. ಪುರದ ಸಣ್ಣ ನರ್ಸಿಂಗ್ ಹೋಮ್ ಸೇರಿ, ಕೊನೆಯವರೆಗೂ ಅಷ್ಟೇ ನಿಧಾನವಾಗಿ ನೋಡುತ್ತಿದ್ದರು.

ಕೆಲವು ವರ್ಷಗಳ ನಂತರ ಹೃದಯಾಘಾತದಿಂದ ತೀರಿಕೊಂಡರು. ನಮ್ಮ ಆಸ್ಪತ್ರೆ ಸಂತಾಪಸಭೆ ಇಟ್ಟಿತು. ಅದೇ ಆಡಳಿತಾಧಿಕಾರಿ ಹಾರ ಹಾಕಿ, ಅವರ ತಾಳ್ಮೆ ನಮಗೆಲ್ಲ ಮಾದರಿ ಎಂದರು. ನನ್ನ ಪಕ್ಕ ಕೂತಿದ್ದ ಅಕ್ಕ ಎದ್ದು ನಿಂತಳು.

"ಆ ತಾಳ್ಮೆ ಜಾಸ್ತಿ ಆಯ್ತು ಅಂತಾನೇ ಅಲ್ವಾ ಸರ್ ನೀವು ಅವರನ್ನ ಕಳಿಸಿದ್ದು? ಅದರಿಂದಾನೇ ನಾನಿವತ್ತು ಇಲ್ಲಿ ನಿಂತಿರೋದು."